ಗುಂಡ್ಲುಪೇಟೆಯ ಸಮುದ್ರಕ್ಕೆ ಎರಡು ಹಂಪು

ರಸ್ತೆ ಪಕ್ಕ ಅಂಗಡಿ ಇಟ್ಟವನಿಗೆ ಟೀವಿ ಬೇಕಾಗಿಲ್ಲ. ರಸ್ತೆಯೇ ದಿನಕ್ಕೊಂದು ತಮಾಷೆ ತಂದು ಹಾಕುತ್ತದೆ. ಗುಂಡ್ಲುಪೇಟೆಯಿಂದ ಚಾಮರಾಜನಗರಕ್ಕೆ ಹೋಗುವ ರಸ್ತೆಯಲ್ಲಿ ಹಗ್ಗ, ಟಾರ್ಪಾಲು, ಬಿತ್ತನೆ ಬೀಜ ಮಾರುತ್ತ ಮೂವತ್ತು ವರ್ಷ ಕೂತಿದ್ದೇನೆ. ಸುಲಭಕ್ಕೆ ಬೆರಗಾಗುವ ಆಸಾಮಿ ನಾನಲ್ಲ. ಆದರೂ ಈ ಸಲ ಬಾಯಿ ಬಿಟ್ಟುಕೊಂಡು ನೋಡಿದ್ದೇ ನೋಡಿದ್ದು.

ಬಟನ್ ಒತ್ತಿದರೆ ಅಲೆ

ಅಂಗಡಿ ಎದುರಿನ ಶಾಲೆಯಲ್ಲಿ ಸಭೆ. ಟೈ ಕಟ್ಟಿದ ಕಂಪನಿಯವನು ಬಣ್ಣದ ಚಿತ್ರ ತೋರಿಸಿದ. ನಮ್ಮೂರ ಹೊಲದಲ್ಲಿ ಬೀಚ್ ರೆಸಾರ್ಟ್! ಕರಾವಳಿಯ ಹಾಗೇ ಮರಳು, ತೆಂಗು, ಮೋಟರಿನಿಂದ ಏಳುವ ಅಲೆ.

ಹುರುಳಿ ಬೆಳೆಯುವ ರೈತನೊಬ್ಬ ಎದ್ದ. "ಅಲೆ ಯಾವಾಗ ಬತ್ತದೆ ಸಾ?"

"ಬಟನ್ ಒತ್ತಿದಾಗ."

"ಕರೆಂಟ್ ಓದ್ರೆ?"

"ಜನರೇಟರ್ ಇರುತ್ತೆ."

ರೈತ ಕೈ ಮುಗಿದು ಕೂತ. "ಸಮುದ್ರಕ್ಕೂ ಜನರೇಟರ್ ಮಡಗವ್ರೆ ಕಣ್ಲಾ! ದ್ಯಾವ್ರಿಗೂ ಒಳೀನಿಲ್ಲ ಇದು."

ಬೆರಗಾಗದವಳು ಒಬ್ಬಳೇ, ಶಾಲೆಯಲ್ಲಿ ಬಿಸಿಯೂಟ ಬೇಯಿಸುವ ಅಡುಗೆಯಾಕೆ. ದಿನಾ ಮಕ್ಕಳನ್ನು ರಸ್ತೆ ದಾಟಿಸುವವಳೂ ಅವಳೇ. "ಸಮುದ್ರ ನೋಡಕೆ ಬರೋ ಕಾರೆಲ್ಲ ಇಲ್ಲೇ ಬರ್ಬೇಕು. ಈಗ್ಲೇ ಜೀವ ಕೈಲಿಡ್ಕಂಡು ದಾಟುಸ್ತಿವ್ನಿ. ಮೊದ್ಲು ಎರಡು ಹಂಪು ಹಾಕ್ಸಿ."

"ವೇಗ ಅಳೆಸ್ತೀವಮ್ಮ. ಜಾಸ್ತಿ ಇದ್ರೆ ಹಂಪು," ಎಂದರು ಸಭೆಗೆ ಬಂದಿದ್ದ ರಸ್ತೆ ಇಲಾಖೆಯ ಸಾಹೇಬರು.

ಗನ್ನು

ಎಂಜಿನಿಯರ್ ಒಬ್ಬ ವೇಗ ಅಳೆಯುವ ಗನ್ನು ಹಿಡಿದು ರಸ್ತೆ ಬದಿ ನಿಂತ. ದೂರದಿಂದ ಥೇಟ್ ಪೊಲೀಸು. ನಾಲ್ವರು ಕೂತಿದ್ದ ಬೈಕಿನಿಂದ ಇಬ್ಬರು ಇಳಿದು ನಡೆದರು. ಬಾಳೆಗೊನೆ ತುಂಬಿದ ಆಟೋ ಎತ್ತಿನಗಾಡಿಯಾಯಿತು. ಕೇರಳದ ಕಾರಿನವನಂತೂ ತಾನಾಗಿ ನಿಲ್ಲಿಸಿ ಕಾಗದಪತ್ರವೆಲ್ಲ ಅವನ ಕೈಗಿಟ್ಟ. ಅಷ್ಟೊಂದು ಹೆಲ್ಮೆಟ್ಟು ಒಟ್ಟಿಗೆ ನಾನು ಕಂಡಿರಲಿಲ್ಲ.

ಮರುದಿನ ಅವನು ನನ್ನ ಅಂಗಡಿಯ ಟಾರ್ಪಾಲಿನ ಹಿಂದೆ ಅಡಗಿದ. ಗಿರಾಕಿಯೊಬ್ಬ ಟಾರ್ಪಾಲು ಎಳೆದು ನೋಡಿ ಬೆಚ್ಚಿಬಿದ್ದು ಕೇಳಿದ: "ಯಜಮಾನ್ರೇ, ಇದ್ರ ಜೊತೆ ಇವ್ರೂ ಬತ್ತಾರಾ?"

ಹುರುಳಿ

ಅವತ್ತೇ ನಮ್ಮ ರೈತ ಹುರುಳಿ ಕಿತ್ತಿದ್ದ. ನಮ್ಮ ಕಡೆ ಹುರುಳಿಗೆ ಕಣ ಹುಡುಕುವುದಿಲ್ಲ. ಡಾಂಬರಿನ ಮೇಲೆ ಹರಡುತ್ತೇವೆ, ಬಸ್ಸು ಲಾರಿಗಳೇ ತುಳಿದು ಕಾಳು ಬಿಡಿಸುತ್ತವೆ. ಅವನು ಹರಡಿದ್ದು ಸರಿಯಾಗಿ ಶಾಲೆಯ ಮುಂದೆ. ಜಾರುವ ಭಯಕ್ಕೆ ಬೈಕುಗಳು ಕಾಲೂರಿಕೊಂಡು ಹೋದವು, ಬಸ್ಸುಗಳು ತೆವಳಿದವು. ಎಂಜಿನಿಯರ್ ಬರೆದುಕೊಂಡ: "ಇಲ್ಲಿ ವಾಹನಗಳು ತಾವಾಗಿಯೇ ನಿಧಾನ. ಹಂಪು ಅನಗತ್ಯ."

ಅಡುಗೆಯಾಕೆ ಸೌಟು ಹಿಡಿದೇ ಓಡಿಬಂದಳು. "ನಿನ್ ಉರ್ಳಿ ಮನೆ ಆಳಾಗ! ಮಕ್ಳ ಹಂಪ ತಿಂದ್ಬುಟ್ಯಲ್ಲೋ!"

"ನಂಗೇನ್ ಗೊತ್ತಕ್ಕ, ಬಿಸ್ಲು ಚೆಂದಾಗಿತ್ತು," ಎಂದ ರೈತ.

ಬೈಗುಳದಿಂದ ಹಂಪು ಏಳುವುದಿಲ್ಲ. ನಾನೆಂದೆ: "ಈ ರಿಪೋರ್ಟು ಕೇಳೋ ಕೊನೇ ಸಭೆಗೆ ಸಾಹೇಬರು ಜೀಪಲ್ಲಿ ಬರ್ತಾರೆ. ಅವತ್ತು ರಸ್ತೆ ಮೇಲೆ ಒಂದು ಕಾಳೂ ಇರಕೂಡದು."

ಸಾಹೇಬರ ಜೀಪು

ಅವತ್ತು ಬೆಳಿಗ್ಗೆ ರೈತ ರಸ್ತೆ ಗುಡಿಸಿ ಕನ್ನಡಿ ಮಾಡಿದ. ಅಡುಗೆಯಾಕೆ ಎಂಜಿನಿಯರಿಗೆ ಟೀ ಕೊಟ್ಟು, "ಆ ಗನ್ನು ಎಂಗ್ ಕೆಲ್ಸ ಮಾಡ್ತದೆ, ಒಂದ್ಸಲ ತೋರ್ಸಿ ಸಾ," ಅಂದಳು. ಅವನು ಉತ್ಸಾಹದಿಂದ, ಬರುತ್ತಿದ್ದ ಮೊದಲ ಗಾಡಿಗೇ ಗುರಿಯಿಟ್ಟ.

ಜೀಪು ಶಾಲೆ ದಾಟಿತು, ಶಾಮಿಯಾನ ದಾಟಿತು, ಹಾರ ಹಿಡಿದು ನಿಂತಿದ್ದ ಕಂಪನಿಯವನನ್ನೂ ದಾಟಿತು. ದೂರದ ಹುಣಸೇಮರದ ಹತ್ತಿರ ಕಿರ್ರೆಂದು ನಿಂತು ರಿವರ್ಸಿನಲ್ಲಿ ಬಂತು.

"ರಿಪೋರ್ಟ್ ಏನಯ್ಯ?" ಎಂದರು ಸಾಹೇಬರು, ಇಳಿಯುತ್ತಲೇ.

ಎಂಜಿನಿಯರ್ ಗನ್ನನ್ನು ಬೆನ್ನ ಹಿಂದೆ ಸರಿಸಿದ. ಅಡುಗೆಯಾಕೆಯೇ ಗನ್ನು ನೋಡಿ ಓದಿದಳು: "ಎಂಬತ್ತೊಂದು ಸಾ. ನಿಮ್ದೇಯ."

ಡ್ರೈವರ್ ತಲೆ ಕೆರೆದುಕೊಂಡ. "ರೋಡು ಗುಡಿಸ್ಬುಟ್ಟಿದ್ರು ಸಾ..."

ಹದಿನೈದೇ ದಿನಕ್ಕೆ ಎರಡು ಹಂಪು ಎದ್ದವು. ಬಸ್ಸು ಮೂತಿ ಎತ್ತಿ, ಇಳಿಸಿ, ಮತ್ತೆ ಎತ್ತಿ ಸಾಗುವುದನ್ನು ನಾನೂ ರೈತನೂ ಸುಮ್ಮನೆ ನಿಂತು ನೋಡಿದೆವು. ರೆಸಾರ್ಟಿನ ಜಾಗದಲ್ಲಿ ಇನ್ನೂ ಬೋರ್ಡು ಮಾತ್ರ.

ಮಕ್ಕಳನ್ನು ದಾಟಿಸಿ ಬಂದ ಅಡುಗೆಯಾಕೆ ಸೆರಗಿನಲ್ಲಿ ಮುಖ ಒರೆಸಿಕೊಂಡಳು. "ಸಮುದ್ರ ಯಾವಾಗಾರ ಬರ್ಲಿ ಬುಡಿ. ಅಲೆ ಎರಡು ಆಗ್ಲೇ ಬಂದ್ಬುಟ್ಟೊ. ಇವುಕ್ಕೆ ಜನರೇಟರೂ ಬ್ಯಾಡ."