ಹಾಸಿಗೆ ಅಂಗಡಿಯ ಹುಂಜ

"ಇನ್ನು ಮುಂದೆ ಈ ಅಂಗಡೀಲಿ ಹಗಲು ಹೊತ್ತು ಒಂದೇ ಒಂದು ಆಕಳಿಕೆ ಕಾಣಿಸಿದ್ರೆ ನನ್ನ ಹೆಸರು ಬದಲಾಯಿಸು!" ಎಂದು ಹಾಸಿಗೆ ಅಂಗಡಿಯ ಸಾಹುಕಾರರು ಗಲ್ಲಾಪೆಟ್ಟಿಗೆಯ ಮೇಲೆ ಗುದ್ದಿ ಹೇಳಿದರು.

"ನಾನೇನು ಬದಲಾಯಿಸೋದು, ಊರೇ ಬದಲಾಯಿಸಿ ಆಯ್ತಲ್ಲ," ಎಂದಳು ಹೆಂಡತಿ, ದಿಂಬಿನ ಗವಸು ಮಡಿಸುತ್ತಾ. "ತೂಕಡಿಕೆ ಸಾಹುಕಾರ್ರ ಅಂಗಡಿ ಎಲ್ಲಿ ಅಂದ್ರೆ ಕಣ್ಣು ಕಾಣದೋರೂ ದಾರಿ ತೋರಿಸ್ತಾರೆ."

ಮಾತು ಸುಳ್ಳಲ್ಲ. ಆದರೆ ಸಾಹುಕಾರರ ಕಷ್ಟವನ್ನೂ ಸ್ವಲ್ಪ ಕೇಳಬೇಕು. ಮಧ್ಯಾಹ್ನದ ಊಟ ಹೊಟ್ಟೆಗಿಳಿದಿದೆ, ಸುತ್ತಲೂ ಹಾಸಿಗೆಗಳು ಬಾ ಬಾ ಎಂದು ಕರೆಯುತ್ತಿವೆ. ಮನುಷ್ಯ ಎಷ್ಟು ಹೊತ್ತು ತಾನೇ ವೀರನಾಗಿರಬಲ್ಲ? ಬಂದ ಗಿರಾಕಿಗಳು ಗೊರಕೆ ಕೇಳಿ, ಪಾಪ ಏಳಿಸೋದು ಬೇಡ ಎಂದು ತುದಿಗಾಲಲ್ಲಿ ವಾಪಸು ಹೋಗುತ್ತಿದ್ದರು. ಹೋದವರು ಎದುರಿನ ಚಪ್ಪಲಿ ಅಂಗಡಿಯ ಮುಂದೆ ನಿಂತುಬಿಡುತ್ತಿದ್ದರು. ಅಲ್ಲಿ ಆಳೆತ್ತರದ ಮೊಲವೊಂದು ಬೂಟು ತೊಟ್ಟು ಕುಣಿಯುತ್ತಿತ್ತು. ಹೊರಗೆ ಮೊಲ, ಒಳಗೆ ಮನುಷ್ಯ. ಅದಕ್ಕೆ ಮ್ಯಾಸ್ಕಾಟ್ ಎನ್ನುತ್ತಾರಂತೆ. ಹಾಸಿಗೆ ಕೊಳ್ಳಲು ಬಂದವರು ಚಪ್ಪಲಿ ಕೊಂಡು ಹೋಗುವುದೆಂದರೆ ಸಾಹುಕಾರರ ಹೊಟ್ಟೆಯಲ್ಲಿ ಒಲೆ ಉರಿಯದೆ ಇರುತ್ತದೆಯೇ?

"ನಮಗೂ ಒಂದು ಮ್ಯಾಸ್ಕಾಟ್ ಬರುತ್ತೆ. ಅದು ಮಾರೋ ಮಾರಾಟ ನೋಡ್ತಿರು!"

"ಹಾಗಾದ್ರೆ ಒಂದು ಪಂದ್ಯ," ಎಂದಳು ಹೆಂಡತಿ. "ಅದು ಬಂದ ದಿನ ಒಂದಾದ್ರೂ ಹಾಸಿಗೆ ಮಾರಿದ್ರೆ ನಿಮ್ಮ ನಿದ್ದೆ ವಿಷಯ ಮತ್ತೆ ಎತ್ತಲ್ಲ. ಮಾರದೇ ಹೋದ್ರೆ ಈ ಗಲ್ಲಾ ಕುರ್ಚಿ ನಂದು. ನೀವು ಹಿಂದಿನ ಕೋಣೇಲಿ ಹತ್ತಿ ಹಿಂಜ್ತಾ ಇರಿ."

ಗಲ್ಲಾ ಕುರ್ಚಿ ಎಂದರೆ ಸಾಮಾನ್ಯವೇ? ಸಾಹುಕಾರರ ಅಜ್ಜ ಕೂತದ್ದು, ಅಪ್ಪ ಕೂತದ್ದು. ಸಾಹುಕಾರರು ಕೂತದ್ದಕ್ಕಿಂತ ಮಲಗಿದ್ದೇ ಹೆಚ್ಚು, ಆ ಮಾತು ಬೇರೆ. "ಆಗಲಿ!" ಎಂದುಬಿಟ್ಟರು.

ಬೋರ್ಡು ಬರೆಯುವ ಕಲಾವಿದನಿಗೆ ಕರೆ ಹೋಯಿತು. ಅವನು ಬಂದು ಅಂಗಡಿಯನ್ನೆಲ್ಲ ಕಣ್ಣಲ್ಲೇ ಅಳೆದು, ಹಾಳೆಯ ಮೇಲೆ ಸುರುಳಿ ಸುತ್ತಿ ಮಲಗಿದ ಬೆಕ್ಕೊಂದನ್ನು ಬರೆದ.

"ಮಲಗೋದಾ? ಹೊಡಿ ಕಾಟು!" ಎಂದರು ಸಾಹುಕಾರರು.

ಕಲಾವಿದ ಕರಡಿ ಬರೆದ.

"ಚಳಿಗಾಲ ಪೂರ್ತಿ ಮಲಗುತ್ತಂತಲ್ಲೋ ಅದು! ನಂಗೆ ಎಚ್ಚರವಾಗಿರೋ ಪ್ರಾಣಿ ಬೇಕಯ್ಯಾ. ಜಗತ್ತನ್ನೇ ಎಬ್ಬಿಸೋದು. ಹುಂಜ!"

"ಸ್ವಾಮಿ, ಇದು ಹಾಸಿಗೆ ಅಂಗಡಿ," ಎಂದ ಕಲಾವಿದ ತಲೆ ಕೆರೆದುಕೊಂಡು. "ಹುಂಜ ಬಂದ್ರೆ ಮಲಗಿರೋರೂ ಎದ್ದು ಹೋಗ್ತಾರೆ."

"ದುಡ್ಡು ನಂದು, ಹುಂಜವೂ ನಂದು. ನೀನು ಬರಿ."

ಬರೆದ. ಕೆಂಪು ಜುಟ್ಟು, ಎದೆಯುಬ್ಬಿಸಿದ ನಿಲುವು, ಕಣ್ಣು ಕವಡೆಯಷ್ಟು ಅಗಲ. ಸಾಹುಕಾರರಿಗೆ ಕನ್ನಡಿ ನೋಡಿದಷ್ಟು ಸಂತೋಷವಾಯಿತು. ವೇಷವನ್ನು ನಾಟಕದ ಉಡುಪು ಹೊಲಿಯುವವರಿಗೆ ಕೊಡೋಣ, ಬಿದಿರಿನ ಕಡ್ಡಿ ಕಟ್ಟಿ ಹಗುರಾಗಿ ಮಾಡುತ್ತಾರೆ ಎಂದು ಕಲಾವಿದ ಹೇಳಿದ್ದೇ ತಡ, ಸಾಹುಕಾರರ ವಂಶಾಭಿಮಾನ ಹೆಡೆಯೆತ್ತಿತು. "ಹತ್ತಿ ತುಂಬೋ ಕೆಲಸ ಬೇರೆಯವರ ಕೈಗಾ? ನಮ್ಮ ಮನೆತನ ಏನು ಸತ್ತು ಹೋಯ್ತಾ?"

ದಬ್ಬಣ ಹೊರಗೆ ಬಂತು. ಬಹಳ ದಿನದ ಮೇಲೆ ಸಾಹುಕಾರರು ನಿದ್ದೆಗೆಟ್ಟು ದುಡಿದರು. ಬೂರುಗದ ಹತ್ತಿಯನ್ನು ಮೋಡದಂತೆ ಹಿಂಜಿದರು. ಹೊಟ್ಟೆಗೆ ಎರಡು ಪದರ, ಬೆನ್ನಿಗೆ ಮೂರು, ಕುತ್ತಿಗೆಯ ಸುತ್ತ ದಿಂಬಿನ ಹದದ ಒತ್ತು, ಒಳಗೆ ನುಣುಪು ಬಟ್ಟೆಯ ಅಸ್ತರಿ. ಅಂಗಡಿಯಲ್ಲಿ ಯಾವ ಹಾಸಿಗೆಗೂ ಸಿಗದ ಉಪಚಾರ ಆ ಕೋಳಿಗೆ ಸಿಕ್ಕಿತು!

ವೇಷ ತೊಡಲು ಸಾಹುಕಾರರ ಭಾವಮೈದನೇ ಸಿಕ್ಕ. ಕಾಲಿಗೆ ಚಕ್ರ ಕಟ್ಟಿಕೊಂಡೇ ಹುಟ್ಟಿದವನು, ಊಟವನ್ನೂ ನಡೆದಾಡುತ್ತಲೇ ಮಾಡುವವನು. "ಭಾವ, ಆ ಮೊಲ ಇವತ್ತು ನಾಚ್ಕೊಂಡು ಬಿಲ ಸೇರ್ಬೇಕು!" ಎಂದು ಹುಂಜದೊಳಗೆ ನುಗ್ಗಿದ. ಬಾಗಿಲಿಗೆ ಬಂದು ನಾಲ್ಕು ಹೆಜ್ಜೆ ಕುಣಿದ. ಐದನೆಯದು ನಿಧಾನವಾಯಿತು. ಆಮೇಲೆ ಹುಂಜ ಬಾಗಿಲ ಚೌಕಟ್ಟಿಗೆ ಒರಗಿ ನಿಂತಿತು, ನಿಂತೇ ಇತ್ತು.

"ಲೇ, ಕುಣಿಯೋ!"

ಉತ್ತರವಾಗಿ ಒಂದು ಸಣ್ಣ ಗೊರಕೆ ಬಂತು.

ಸಾಹುಕಾರರು ದಂಗಾದರು. ಭಾವಮೈದನನ್ನು ಎಳೆದು ಹೊರಗೆ ಹಾಕಿ, ಮನೆಗೆ ಅಟ್ಟಿದರು. ಏನಾಯಿತೆಂದು ನೋಡಲು ಕಲಾವಿದ ಒಳಗೆ ಹೊಕ್ಕ. "ಒಳಗೆ ಚೆನ್ನಾಗೇ ಇದೆ ಸ್ವಾಮಿ, ಏನೂ ತೊಂದರೆ..." ಎಂದವನ ಮಾತು ಅಲ್ಲಿಗೇ ನಿಂತಿತು. ಅವನನ್ನೂ ಎಳೆದು ಹಾಕಿದ್ದಾಯಿತು.

ಈಗ ಸಾಹುಕಾರರಿಗೆ ಪಂದ್ಯ ಮರೆತು ಕುತೂಹಲ ಹತ್ತಿತು. ಅಲ್ಲ, ಇದರೊಳಗೆ ಅಂಥದ್ದೇನಿದೆ? ಜುಟ್ಟು ಮುಟ್ಟಿ ನೋಡಿದರು. ಕೊಕ್ಕಿನೊಳಗೆ ಇಣುಕಿದರು. ಬೆನ್ನು ತಟ್ಟಿದರು. ಕೊನೆಗೆ, "ಇಬ್ಬರೂ ಸೋಮಾರಿಗಳು! ನಾನೇ ನೋಡ್ತೀನಿ," ಎಂದು ಒಳಗೆ ಒಂದು ಕಾಲಿಟ್ಟರು. ಇನ್ನೊಂದು ಕಾಲನ್ನೂ ಇಟ್ಟರು. ಅಜ್ಜ ತೊಡೆಯ ಮೇಲೆ ಹಾಕಿಕೊಂಡು ತಟ್ಟಿದಂತಾಯಿತು.

ಮುಂದಿನದು ಅವರಿಗೆ ತಿಳಿಯದು.

ಎಚ್ಚರವಾದಾಗ ಭೂಮಿ ಅಲ್ಲಾಡುತ್ತಿತ್ತು. ಕೊಕ್ಕಿನ ಸಂದಿಯಿಂದ ನೋಡಿದರೆ ಆಕಾಶ ಓಡುತ್ತಿದೆ! ಸಾಹುಕಾರರು ತಳ್ಳುಗಾಡಿಯ ಮೇಲೆ ಅಂಗಾತ ಮಲಗಿದ್ದರು. ಪಕ್ಕದಲ್ಲೇ ಒಬ್ಬ ಅಜ್ಜಿ ಹುಂಜದ ಹೊಟ್ಟೆ ಸವರುತ್ತಾ ನಡೆಯುತ್ತಿದ್ದಳು.

"ಅಯ್ಯಯ್ಯೋ, ಇಳಿಸ್ರೋ!"

"ಅಯ್ಯೋ ನಮ್ಮಪ್ಪ, ಕೂಗುತ್ತಲ್ಲ ಇದು!" ಎಂದು ಅಜ್ಜಿ ಎದೆ ಮುಟ್ಟಿಕೊಂಡಳು. "ಕೂಗೋ ಕೋಳಿ ಬೇಡಪ್ಪ ನಂಗೆ. ಗೊರಕೆ ಹೊಡಿಯೋದು ಅಂತ ತಗೊಂಡೆ. ವಾಪಸ್ ತಿರುಗಿಸು ಗಾಡೀನ!"

ಜುಟ್ಟು ವಾಲಿಸಿಕೊಂಡು, ಅರ್ಧ ಕೋಳಿ ಅರ್ಧ ಮನುಷ್ಯರಾಗಿ ಸಾಹುಕಾರರು ಅಂಗಡಿಗೆ ಬಂದಿಳಿದರೆ, ಹುಂಜವನ್ನೇ ಮಲಗಿಸಿದ ಹತ್ತಿ ನಮಗೂ ಬೇಕು ಎಂದು ಜನ ಮುಗಿಬಿದ್ದು ಒಳಗೆ ಕಾಲಿಡಲು ಜಾಗವಿಲ್ಲ. ಚಪ್ಪಲಿ ಅಂಗಡಿಯ ಮೊಲವೂ ಕಿವಿ ಮುದುರಿಕೊಂಡು ಒಂದು ದಿಂಬಿಗೆ ಚೌಕಾಸಿ ಮಾಡುತ್ತಿತ್ತು!

"ನನ್ನನ್ನೇ ಮಾರಿಬಿಟ್ಟೆಯಲ್ಲೇ! ಗೊರಕೆ ಕೇಳಿಸ್ಲಿಲ್ವಾ?"

"ಕೇಳಿಸ್ತು. ಅದಕ್ಕೇ ಮಾರಿದ್ದು," ಎಂದಳು ಹೆಂಡತಿ. "ಅಜ್ಜಿಗೆ ಯಜಮಾನ್ರು ಹೋದಾಗಿನಿಂದ ನಿದ್ದೆ ಇಲ್ವಂತೆ. ಪಕ್ಕದಲ್ಲಿ ಗೊರಕೆ ಇಲ್ದಿದ್ರೆ ಮನೆ ಬಿಕೋ ಅನ್ನುತ್ತಂತೆ. ಇದನ್ನ ನೋಡಿ, ಕೋಳಿ ಗೊರಕೆ ಸಮೇತ ಬೇಕು ಅಂತ ಹಟ ಹಿಡಿದ್ರು. ಅಷ್ಟು ದೂರ ಹೋಗೋದ್ರೊಳಗೆ ನೀವು ಏಳ್ತೀರಿ ಅಂದ್ಕೊಂಡೆ. ಎದ್ರಲ್ಲ?"

ಹುಂಜದ ಬದಲು ಅಜ್ಜಿಗೆ ಅಂಥದ್ದೇ ಹತ್ತಿಯಲ್ಲಿ ಹೊಸ ಹಾಸಿಗೆ ಹೊಲಿದು ಕೊಡುವುದೆಂದು ಒಪ್ಪಂದವಾಯಿತು. "ಗೊರಕೆ ಬೇಕಾದ್ರೆ ಇಲ್ಲೇ ಬಂದು ಕೇಳ್ಕೊಂಡು ಹೋಗ್ತೀನಿ ಬಿಡವ್ವಾ," ಎಂದು ಅಜ್ಜಿ ಗಾಡಿಯವನೊಂದಿಗೆ ಹೊರಟಳು.

ಸಾಹುಕಾರರು ಎದೆಯುಬ್ಬಿಸಿದರು. ಜುಟ್ಟೂ ಜೊತೆಗೆ ಎದ್ದಿತು. "ಇಷ್ಟು ಜನ ಹಾಸಿಗೆ ತಗೊಂಡ್ರಲ್ಲ? ಪಂದ್ಯ ಯಾರು ಗೆದ್ರು ಈಗ?"

"ನೀವೇ. ಕುರ್ಚಿ ನಿಮ್ಮದೇ, ನಾನು ನಿದ್ದೆ ಮಾತು ಎತ್ತಲ್ಲ. ಆದ್ರೆ ನಿಮಗೆ ಕೂತ್ಕೊಳ್ಳೋಕೆ ಪುರುಸೊತ್ತೆಲ್ಲಿ? ನಾಳೆಯಿಂದ ಗಾಜಿನ ಕಿಟಕೀಲಿ ಹುಂಜ ಮಲಗ್ಬೇಕು. ಜನ ಅದನ್ನ ನೋಡೋಕೇ ಬರೋದು."

ದುಡಿಮೆಯೆಂದರೆ ನಿದ್ದೆ! ಇಂಥ ಭಾಗ್ಯ ಯಾವ ದೊರೆಗುಂಟು? ಮರುದಿನ ಸಾಹುಕಾರರು ಖುಷಿಯಿಂದ ವೇಷ ತೊಟ್ಟು ಕಿಟಕಿಯಲ್ಲಿ ಕಾಲು ಚಾಚಿದರು. ಗಾಜಿನಾಚೆ ಜನ ಮೂಗೊತ್ತಿ ನಿಂತರು. ಅಜ್ಜಿಯೂ ಸ್ಟೂಲು ಹಾಕಿಸಿಕೊಂಡು ಕೂತಳು.

ಸಾಹುಕಾರರು ಕಣ್ಣು ಮುಚ್ಚಿದರು. ಕಣ್ಣು ತೆರೆದರು. ಎಡಕ್ಕೆ ಹೊರಳಿದರು, ಬಲಕ್ಕೆ ಹೊರಳಿದರು. ಕುರಿ ಎಣಿಸಿದರು, ಕೋಳಿ ಎಣಿಸಿದರು. ಮೈಯೆಲ್ಲ ಎಚ್ಚರ! ಹುಟ್ಟಿದಾಗಿನಿಂದ ಹೀಗಾದದ್ದೇ ಇಲ್ಲ. ಬೂರುಗದ ಹತ್ತಿಯಾದರೂ ಏನು ಮಾಡೀತು?

ಹೊರಗೆ ಜನ ಒಬ್ಬೊಬ್ಬರಾಗಿ ಕದಲತೊಡಗಿದರು. ಆಗ ಗಲ್ಲಾ ಕುರ್ಚಿಯಲ್ಲಿ ಕೂತಿದ್ದ ಹೆಂಡತಿ ಎದ್ದು ಬಂದು, ಹುಂಜದ ಪಕ್ಕೆಗೆ ಮೆಲ್ಲಗೆ ತಿವಿದು, ಪಿಸುಗುಟ್ಟಿದಳು:

"ಏನ್ರೀ ಇದು, ಕೆಲಸದ ಹೊತ್ತಲ್ಲಿ ಎದ್ದಿರೋದಾ? ಸ್ವಲ್ಪನಾದ್ರೂ ಜವಾಬ್ದಾರಿ ಬೇಡ್ವಾ?"