ಹನ್ನೊಂದು ಊರಿನ ಕೋಚ್

ನಮ್ಮ ಚಿಕ್ಕಪ್ಪ ಮೂವತ್ತು ವರ್ಷ ದುಡಿದವರು. ಅಷ್ಟರಲ್ಲಿ ಹನ್ನೊಂದು ಸಲ ಕೆಲಸ ಕಳೆದುಕೊಂಡವರು. ಬೇರೆ ಯಾರಾದರೂ ಆಗಿದ್ದರೆ ಇದನ್ನು ಗ್ರಹಚಾರ ಎನ್ನುತ್ತಿದ್ದರು. ಇವರು ಎದೆಯುಬ್ಬಿಸಿ ‘ನನ್ನ ಕೆರಿಯರ್’ ಎನ್ನುತ್ತಾರೆ!

ಚಿಕ್ಕಪ್ಪ ಅಮೆರಿಕದವರು. ನನ್ನ ಅಮ್ಮನ ತಂಗಿಯನ್ನು, ಅಂದರೆ ಮೈಸೂರಿನಿಂದ ಓದಲು ಹೋಗಿ ಅಲ್ಲೇ ಗಣಿತದ ಮೇಡಂ ಆದ ನಮ್ಮ ಚಿಕ್ಕಮ್ಮನನ್ನು ಮದುವೆಯಾದವರು. ಈಗ ಆಕ್ಲೆಂಡಿನ ಮೌಂಟ್ ರಾಸ್ಕಿಲ್‌ನಲ್ಲಿ, ನಮ್ಮ ಮನೆಯಿಂದ ನಾಲ್ಕು ಮನೆ ಆಚೆ ಇದ್ದಾರೆ. ಹತ್ತಿರವಿದ್ದಾರಲ್ಲ ಎಂದು ಸಂತೋಷಪಡುವ ಭಾಗ್ಯವನ್ನು ಮಾತ್ರ ನನಗೆ ಅವರು ಕೊಟ್ಟಿರಲಿಲ್ಲ. ಯಾಕೆಂದರೆ ಅವರು ಯಾವ ಊರಿನಲ್ಲೂ ಮೂರು ವರ್ಷದ ಮೇಲೆ ನಿಂತವರಲ್ಲ, ಇಲ್ಲಿಗೆ ಬಂದು ಆಗಲೇ ಎರಡೂ ಮುಕ್ಕಾಲು ವರ್ಷವಾಗಿತ್ತು. ಕ್ಯಾಲೆಂಡರ್ ನೋಡಿದಾಗಲೆಲ್ಲ ನನ್ನ ಎದೆಯಲ್ಲಿ ಅವಲಕ್ಕಿ ಕುಟ್ಟಿದ ಹಾಗಾಗುತ್ತಿತ್ತು.

ಅವರದು ಅಮೆರಿಕದ ಜೂನಿಯರ್ ಕಾಲೇಜುಗಳಲ್ಲಿ ಫುಟ್‌ಬಾಲ್ ಕಲಿಸುವ ಕೋಚ್ ಕೆಲಸ, ಅದನ್ನು ಸ್ವಲ್ಪ ವಿವರಿಸಬೇಕು. ನಮ್ಮ ಕಡೆ ಜೂನಿಯರ್ ಕಾಲೇಜು ಎಂದರೆ ಪಿಯುಸಿ. ಅಲ್ಲಿಯದು ಬೇರೆ. ದೊಡ್ಡ ವಿಶ್ವವಿದ್ಯಾಲಯಗಳು ‘ನೀನು ಬೇಡ’ ಎಂದ ಹುಡುಗರು ಎರಡು ವರ್ಷ ಇಂಥ ಸಣ್ಣ ಕಾಲೇಜಿಗೆ ಬಂದು ಆಡುತ್ತಾರೆ. ಚೆನ್ನಾಗಿ ಆಡಿದವನನ್ನು ದೊಡ್ಡವರು ಎತ್ತಿಕೊಂಡು ಹೋಗುತ್ತಾರೆ, ಆಡದವನು ಕೋಚ್ ಜೊತೆಗೇ ಉಳಿಯುತ್ತಾನೆ. ಅಂದರೆ ಎಷ್ಟು ಚೆನ್ನಾಗಿ ಕಲಿಸುತ್ತೀರೋ ಅಷ್ಟು ಬೇಗ ಸೋಲುತ್ತೀರಿ! ಸೋತರೆ ಕಾಲೇಜಿನವರು ಕೋಚನ್ನು ಮನೆಗೆ ಕಳಿಸುತ್ತಾರೆ. ಚಿಕ್ಕಪ್ಪ ತುಂಬ ಚೆನ್ನಾಗಿ ಕಲಿಸುತ್ತಿದ್ದರಂತೆ.

ಇನ್ನು ಆ ಆಟ. ಹೆಸರು ಫುಟ್‌ಬಾಲ್, ಕಾಲಿಗೆ ಕೆಲಸ ಕಡಿಮೆ. ಹೆಲ್ಮೆಟ್ ಹಾಕಿಕೊಂಡ ಹನ್ನೊಂದು ಜನ ಇನ್ನು ಹನ್ನೊಂದು ಜನರ ಮೇಲೆ ಬೀಳುತ್ತಾರೆ. ನಾಲ್ಕು ಸೆಕೆಂಡು ಆಟ, ಆಮೇಲೆ ಅರ್ಧ ನಿಮಿಷ ಮೀಟಿಂಗ್. ನಮ್ಮ ಆಫೀಸಿನಲ್ಲೂ ಹೀಗೇ, ಆದರೆ ಮೈದಾನದಲ್ಲಿ ಮೀಟಿಂಗ್ ಮುಗಿದ ಮೇಲೆ ಏನಾದರೂ ನಡೆಯುತ್ತದೆ.

ಮದುವೆಯ ಕತೆಯನ್ನೂ ಹೇಳಿಬಿಡುತ್ತೇನೆ. ಮೊದಲ ಊರಿನ ಕಾಲೇಜಿನಲ್ಲಿ ಚಿಕ್ಕಪ್ಪನ ಅತ್ಯುತ್ತಮ ಆಟಗಾರನೊಬ್ಬ ಚಿಕ್ಕಮ್ಮನ ಗಣಿತದಲ್ಲಿ ಫೇಲಾಗುವುದರಲ್ಲಿದ್ದ. ಫೇಲಾದರೆ ಆಡುವಂತಿಲ್ಲ. ಕೋಚ್ ಸಾಹೇಬರು ಚಿಕ್ಕಮ್ಮನ ಕೋಣೆಗೆ ಹೋಗಿ ಗೋಗರೆದರು. ಚಿಕ್ಕಮ್ಮ ಜಪ್ಪಯ್ಯ ಎಂದರೂ ಒಪ್ಪಲಿಲ್ಲ. “ಅಷ್ಟು ಕಾಳಜಿ ಇದ್ದರೆ ನೀವೇ ಅವನ ಪಕ್ಕ ಕೂತು ಓದಿಸಿ” ಎಂದಳು. ಆರು ಅಡಿ ನಾಲ್ಕು ಅಂಗುಲದ ಈ ಮಹಾನುಭಾವರು ಇಡೀ ಸೆಮಿಸ್ಟರ್ ಕೊನೆಯ ಬೆಂಚಿನಲ್ಲಿ ಕೂತರು, ಪರೀಕ್ಷೆಯನ್ನೂ ಬರೆದರು. ಹುಡುಗ ಪಾಸಾದ, ಕೋಚ್ ಫೇಲಾದರು. ಮರುಪರೀಕ್ಷೆಗೆ ಪಾಠ ಹೇಳಿಸಿಕೊಳ್ಳಲು ಹೋದವರು ಮದುವೆಯಾಗಿಯೇ ಹೊರಗೆ ಬಂದದ್ದು.

ಆಮೇಲೆ ಹತ್ತು ಊರು. ಪ್ರತಿ ಸಲವೂ ಒಂದೇ ಕ್ರಮ: ಕೆಲಸ ಹೋಗುವುದು, ಎಲ್ಲಿಂದಲೋ ಫೋನ್ ಬರುವುದು, ಚಿಕ್ಕಪ್ಪ ಮನೆಗೆ ಬಂದು ಹೊಸ ಊರಿನ ಹೆಸರು ಹೇಳುವುದು, ಚಿಕ್ಕಮ್ಮ ಪಾತ್ರೆಗಳಿಗೆ ಪೇಪರ್ ಸುತ್ತುವುದು, ಹೊಸ ಊರಿನಲ್ಲಿ ಹೊಸದಾಗಿ ಕೆಲಸ ಹುಡುಕಿಕೊಳ್ಳುವುದು. ಹನ್ನೊಂದನೆಯ ಕಾಲೇಜಿನವರು ಕೋಚನ್ನು ತೆಗೆದುಹಾಕುವ ಗೋಜಿಗೇ ಹೋಗಲಿಲ್ಲ, ಫುಟ್‌ಬಾಲನ್ನೇ ಮುಚ್ಚಿಬಿಟ್ಟರು! ಅದೇ ಹೊತ್ತಿಗೆ ಚಿಕ್ಕಮ್ಮನಿಗೆ ಆಕ್ಲೆಂಡಿನ ಶಾಲೆಯೊಂದರಲ್ಲಿ ಕೆಲಸ ಸಿಕ್ಕಿತು. ನನ್ನ ಜೊತೆಗಿರುವ ಅಮ್ಮ ಮೂವತ್ತು ವರ್ಷದ ಮೇಲೆ ತಂಗಿಯನ್ನು ನಾಲ್ಕು ಮನೆ ಆಚೆ ಪಡೆದಳು. ಅಪ್ಪ ಹೋದ ಮೇಲೆ ಮಾತೇ ಕಡಿಮೆ ಮಾಡಿದ್ದವಳು ಈಗ ಬೆಳಿಗ್ಗೆ ಎದ್ದರೆ ಜಗಳಕ್ಕೆ ಹೊರಡುತ್ತಾಳೆ, ಸಂಜೆ ನಗುತ್ತ ಬರುತ್ತಾಳೆ. ನನಗೆ ಇನ್ನೇನು ಬೇಕು?

ಚಿಕ್ಕಪ್ಪನಿಗೆ ಬೇಕಾದದ್ದು ಬೇರೆ ಇತ್ತು. ಅವರು ಹುಟ್ಟಾ ಆತಂಕದ ಮನುಷ್ಯ. ಹಿಂದೆ ಮೈದಾನದಲ್ಲಿ ತಂಬಾಕು ಅಗಿಯುತ್ತಿದ್ದರಂತೆ. ಚಿಕ್ಕಮ್ಮ ಅದನ್ನು ಬಿಡಿಸಿ ಜೇಬಿಗೆ ಸೋಂಪು ತುಂಬಿದ್ದಾಳೆ. ಸಾಧಾರಣ ಆತಂಕಕ್ಕೆ ಒಂದು ಚಿಟಿಕೆ, ಪಂದ್ಯದ ದಿನ ಒಂದು ಹಿಡಿ. ಜೊತೆಗೆ ಏನು ಮಾಡಬೇಕಾದರೂ ಪ್ಲಾಸ್ಟಿಕ್ ಹೊದಿಸಿದ ಒಂದು ಯೋಜನೆಯ ಹಾಳೆ ಬೇಕು. ಒಮ್ಮೆ ಎಲ್ಲರೂ ಬೀಚಿಗೆ ಹೊರಟಾಗ ಆ ಹಾಳೆಯನ್ನು ಕದ್ದು ಓದಿದೆ. ‘ಮಳೆ ಬಂದರೆ’ ಎಂಬುದರ ಕೆಳಗೆ ಮೂರು ಉಪಾಯಗಳಿದ್ದವು. ‘ಮೊಸರನ್ನ ಹುಳಿಯಾದರೆ’ ಎಂಬುದಕ್ಕೆ ಎರಡು. ‘ಅಕ್ಕ ತಂಗಿ ಜಗಳವಾಡಿದರೆ’ ಎಂಬುದರ ಕೆಳಗೆ ಒಂದೇ ಸಾಲು: ‘ಮಧ್ಯೆ ಹೋಗಬೇಡ.’

ಇಂಥ ಮನುಷ್ಯ ಈ ದೇಶದಲ್ಲಿ ರಗ್ಬಿಯ ವಿಷಯಕ್ಕೆ ಬಂದರೆ ಮಾತ್ರ ಹುಲಿ! ಮೂಲೆಯಂಗಡಿಗೆ ಇಲ್ಲಿ ಡೇರಿ ಎನ್ನುತ್ತಾರೆ. ದೊಡ್ಡ ರಗ್ಬಿ ಪಂದ್ಯವಿದ್ದ ದಿನ ಡೇರಿಯ ತುಂಬ ಜನ ದೇಶದ ತಂಡದ ಕಪ್ಪು ಅಂಗಿ ತೊಟ್ಟು ನಿಂತಿದ್ದಾಗ ಇವರು ಹಾಲಿನ ಡಬ್ಬಿ ಹಿಡಿದುಕೊಂಡು ಗಟ್ಟಿಯಾಗಿ, “ಚೆಂಡನ್ನು ಮುಂದಕ್ಕೆ ಎಸೆಯಲು ಬಿಡದ ಆಟವೂ ಒಂದು ಆಟವೇ?” ಎಂದರು. ಅವರ ಇಂಗ್ಲಿಷನ್ನು ಕನ್ನಡಕ್ಕೆ ಇಳಿಸಿ ಹೇಳುತ್ತಿದ್ದೇನೆ, ಮಧ್ಯದ ಬೈಗುಳಗಳನ್ನು ಬಿಟ್ಟು. ಮೈಸೂರಿನಲ್ಲಿ ನಿಂತು ಮೈಸೂರು ಪಾಕನ್ನು ಬೈದರೆ ಏನಾಗುತ್ತದೋ ಅದೇ ಆಗುವುದರಲ್ಲಿತ್ತು. ಅಷ್ಟರಲ್ಲಿ ಅವರ ತೋಳು ಹಿಡಿದು ಹೊರಗೆ ಎಳೆದುಕೊಂಡು ಬಂದೆ. ಹಾಲು ಅಲ್ಲೇ ಉಳಿಯಿತು.

ಆದರೂ ಇಲ್ಲಿಯೂ ಅವರ ಆಟದವರು ಸಿಕ್ಕರು. ಪಾಪಕುರಾ ಕಡೆ ಒಂದು ಸಣ್ಣ ಕ್ಲಬ್ಬು. ಗೋದಾಮಿನಲ್ಲಿ, ಕಟ್ಟಡಗಳಲ್ಲಿ ದುಡಿಯುವ ಇಪ್ಪತ್ತು ಇಪ್ಪತ್ತೆರಡು ಜನ ರಗ್ಬಿಯವರು ಬಿಟ್ಟುಕೊಟ್ಟ ಮೈದಾನದಲ್ಲಿ ಶನಿವಾರ ಆಡುತ್ತಾರೆ. ಚಿಕ್ಕಪ್ಪ ರೈಲು ಹತ್ತಿ ಹೋಗಿ ಕಲಿಸತೊಡಗಿದರು. ತಂಡ ಸೋಲುತ್ತಲೇ ಇತ್ತು. ಆಗ ನಡೆದದ್ದು ರಂಗೋಲಿ ಪ್ರಕರಣ.

ಯುಗಾದಿಯ ಬೆಳಿಗ್ಗೆ ಅಮ್ಮ ನಮ್ಮ ಮನೆಯ ಮುಂದೆ ಚುಕ್ಕಿ ರಂಗೋಲಿ ಹಾಕಿದ್ದಳು. ಚಿಕ್ಕಪ್ಪ ಬಂದವರು ಚಪ್ಪಲಿಯನ್ನೂ ಬಿಡದೆ ಅದರ ಮುಂದೆ ನಿಂತುಬಿಟ್ಟರು. ಹತ್ತು ನಿಮಿಷವಾಯಿತು. ಕಲಾಭಿಮಾನ ಎಂದುಕೊಂಡು ಅಮ್ಮ ಹಿಗ್ಗಿದಳು. ಆಮೇಲೆ ಅವರು ನನ್ನ ಕಡೆ ತಿರುಗಿ ಗಂಭೀರವಾಗಿ, “ಎಡಗಡೆಯಿಂದ ಮೂರನೆಯ ಚುಕ್ಕಿ ಇದೆಯಲ್ಲ, ಇವನನ್ನು ಯಾರು ತಡೆಯುತ್ತಾರೆ?” ಎಂದರು. ಪುಣ್ಯಾತ್ಮ ಅದನ್ನು ಆಟದ ನಕ್ಷೆ ಎಂದು ತಿಳಿದಿದ್ದರು! ಅಕ್ಕನ ಈ ವಿದ್ಯೆಯನ್ನು ಇಷ್ಟು ವರ್ಷ ಬಚ್ಚಿಟ್ಟೆ ಎಂದು ಚಿಕ್ಕಮ್ಮನ ಮೇಲೇ ಗುರ್ರೆಂದರು.

ನಕ್ಕು ಬಿಟ್ಟಿದ್ದರೆ ಮುಗಿಯುತ್ತಿತ್ತು. ಅಮ್ಮ ಬಿಡುವವಳೇ? ಮರುದಿನದಿಂದ ಅವರ ಮನೆಯ ಡ್ರೈವ್‌ವೇ ಮೇಲೆ ಇಬ್ಬರೂ ಕೂತು ರಂಗೋಲಿ ಪುಡಿಯಲ್ಲಿ ಆಟ ಹೂಡತೊಡಗಿದರು. ಅವರಿಗೆ ಕನ್ನಡ ಬಾರದು, ಇವಳಿಗೆ ಇಂಗ್ಲಿಷ್ ಬಾರದು. “ಈ ಗೆರೆ ಇಲ್ಲಿ ಮುರೀಬಾರ್ದು, ಸುತ್ತಿ ಹೋಗ್ಬೇಕು” ಎಂದು ಅಮ್ಮ ಕೈಯಾಡಿಸುವುದು, “ಯೆಸ್ ಮ್ಯಾಮ್” ಎಂದು ಅವರು ಬರೆದುಕೊಳ್ಳುವುದು. ಪಕ್ಕದ ಮನೆಯ, ಈ ದೇಶದವಳೇ ಆದ ಹೆಂಗಸು ಬೇಲಿಯ ಮೇಲಿಂದ ನೋಡಿ, ಇದು ಯಾವ ದೇವರ ಪೂಜೆ ಎಂದು ನನ್ನನ್ನು ಭಕ್ತಿಯಿಂದ ಕೇಳಿದಳು. ಸೋಲಿನ ದೇವರದು ಎಂದೆ. ಆ ಶನಿವಾರ ತಂಡ ಗೆದ್ದುಬಿಟ್ಟಿತು! ಅಮ್ಮ ಮೂರು ದಿನ ನೆಲದ ಮೇಲೆ ನಡೆಯಲಿಲ್ಲ.

ಅದಾಗಿ ಎರಡು ವಾರಕ್ಕೆ, ಬಸ್ಸಿಳಿದು ಬರುತ್ತಿದ್ದ ನನ್ನನ್ನು ಚಿಕ್ಕಮ್ಮ ಗೇಟಿನ ಹತ್ತಿರ ನಿಲ್ಲಿಸಿದಳು.

“ಫೋನ್ ಬಂದಿದೆ ಕಣೇ” ಎಂದಳು.

ಅಮೆರಿಕದ ಯಾವುದೋ ಬಯಲುಸೀಮೆಯ ಜೂನಿಯರ್ ಕಾಲೇಜು. ಇವರ ಹಳೆಯ ಶಿಷ್ಯನೊಬ್ಬ ಅಲ್ಲಿ ಅಧಿಕಾರಿಯಾಗಿದ್ದನಂತೆ. ಮುಖ್ಯ ಕೋಚ್ ಆಗಿ ಬನ್ನಿ, ಭಾನುವಾರ ಬೆಳಿಗ್ಗೆ ವಿಡಿಯೋದಲ್ಲಿ ಮಾತಾಡಿ ಮುಗಿಸೋಣ ಎಂದಿದ್ದ.

“ನೀನು ಏನಂದೆ?”

“ನನ್ನನ್ನ ಯಾರು ಕೇಳಿದ್ರು? ಊರಿನ ಹೆಸರು ಹೇಳಿದ್ರು, ಅಷ್ಟೇ.”

“ಈ ಸಲ ಆಗಲ್ಲ ಅಂತ ಹೇಳು ಚಿಕ್ಕಮ್ಮ! ನಿನ್ನ ಕೆಲಸ, ನಿನ್ನ ಮಂಡಿ ನೋವು, ಅಮ್ಮ...”

“ಕೇಳಿದ್ರೆ ತಾನೆ ಹೇಳೋದು? ಮೂವತ್ತು ವರ್ಷದಲ್ಲಿ ಅವರು ಒಂದು ಸಲಾನೂ ಕೇಳಿಲ್ಲ. ನಾನೂ ಬಾಯಿಬಿಟ್ಟು ಹೇಳಿಲ್ಲ. ಈಗ ಹೇಗೆ ಶುರು ಮಾಡ್ಲಿ?” ಎಂದು ಒಳಗೆ ಹೋದಳು.

ಆ ವಾರ ನಾವು ಕಳೆದದ್ದು ದೇವರಿಗೇ ಪ್ರೀತಿ. ಅಮ್ಮ ಜಗಳ ನಿಲ್ಲಿಸಿದಳು. ಅದಕ್ಕಿಂತ ಕೆಟ್ಟ ಲಕ್ಷಣ ಉಂಟೇ? ತಂಗಿಯ ಮನೆಗೆ ಹೋಗಿ ಸುಮ್ಮನೆ ಕೂತು, ಸುಮ್ಮನೆ ಬರುತ್ತಿದ್ದಳು. ಚಿಕ್ಕಪ್ಪನೂ ಸರಿಯಿರಲಿಲ್ಲ, ಸೋಂಪನ್ನು ಪೊಟ್ಟಣಕ್ಕೇ ಬಾಯಿಟ್ಟು ಸುರಿದುಕೊಳ್ಳುತ್ತಿದ್ದರು. ನಾನಂತೂ ಆಫೀಸಿನಲ್ಲಿ ಕೂತು ಆ ಕಾಲೇಜು ಮುಚ್ಚಿಹೋಗಲಿ ಎಂದು ಹರಕೆ ಹೊತ್ತೆ. ನೂರಾರು ಹುಡುಗರು ಓದುವ ಕಾಲೇಜು! ನನಗೆ ಕಿಂಚಿತ್ತೂ ನಾಚಿಕೆಯಾಗಲಿಲ್ಲ.

ಭಾನುವಾರ ಬೆಳಿಗ್ಗೆ ತಿಂಡಿಗೆ ಅವರ ಮನೆಯಲ್ಲಿ ಸೇರಿದೆವು. ಚಿಕ್ಕಮ್ಮ ದೋಸೆ ಹುಯ್ಯುತ್ತಿದ್ದಳು. ಅಮ್ಮ ಚಟ್ನಿಯ ಬಟ್ಟಲನ್ನು ಮಡಿಲಲ್ಲಿಟ್ಟುಕೊಂಡು ಮರೆತಿದ್ದಳು. ಅಡುಗೆಮನೆಗೂ ಊಟದ ಮೇಜಿಗೂ ಮಧ್ಯೆ ಗೋಡೆಯಿಲ್ಲ. ಮೇಜಿನ ಮೇಲೆ ಲ್ಯಾಪ್‌ಟಾಪ್, ಅದರ ಮುಂದೆ ಸದಾ ಹಾಕುವ ಟೋಪಿಯಲ್ಲೇ ಚಿಕ್ಕಪ್ಪ, ಕೈಯಲ್ಲಿ ಯಾವ ಹಾಳೆಯೂ ಇಲ್ಲ. ಅದನ್ನು ಗಮನಿಸಿ ನನಗೆ ಇನ್ನಷ್ಟು ಭಯವಾಯಿತು. ಆ ಹಳೆಯ ಶಿಷ್ಯ ನಗುನಗುತ್ತ ಮಾತಾಡಿದ. ಮನೆ ಕೊಡುತ್ತೇವೆ, ಹುಡುಗರು ಒಳ್ಳೆಯವರಿದ್ದಾರೆ, ಯಾವಾಗ ಹೊರಡುತ್ತೀರಿ ಎಂದ.

ದೋಸೆ ಸೀದ ವಾಸನೆ ಬಂತು. ಆಮೇಲೆ ಚಿಕ್ಕಪ್ಪ, “ಒಂದು ನಿಮಿಷ. ನನ್ನ ಹೆಂಡತಿಯನ್ನು ಕೇಳಬೇಕು” ಎಂದರು. ಕುರ್ಚಿಯಲ್ಲಿ ತಿರುಗಿದರು. ಅಷ್ಟು ದೊಡ್ಡ ಆಳು, ಪರೀಕ್ಷೆಯಲ್ಲಿ ಕೂತವರ ಹಾಗೆ ಬೆವರುತ್ತಿದ್ದರು. “ನಿನಗೆ ಹೋಗಲು ಇಷ್ಟವಿದೆಯೇ?”

ಚಿಕ್ಕಮ್ಮ ಒಲೆ ಆರಿಸಿದಳು. ತಿರುಗದೆಯೇ, “ಇಲ್ಲ” ಎಂದಳು. ಕನ್ನಡದಲ್ಲೇ ಅಂದಳು. ಅಷ್ಟು ಕನ್ನಡ ಅವರಿಗೆ ಬರುತ್ತಿತ್ತು.

ಅವರು ಮತ್ತೆ ಪರದೆಯ ಕಡೆ ತಿರುಗಿ, “ನಾನು ಬರುವುದಿಲ್ಲ, ಮಗನೇ” ಎಂದರು. ಒಳ್ಳೆಯದಾಗಲಿ ಎಂದು ಹಾರೈಸಿ ಲ್ಯಾಪ್‌ಟಾಪ್ ಮುಚ್ಚಿದರು. ಅಮ್ಮ ಏನೊಂದೂ ಅರ್ಥವಾಗದೆ “ಏನಾಯ್ತೇ? ಏನಾಯ್ತೇ?” ಎಂದು ನನ್ನ ಮೊಣಕೈ ಹಿಂಡುತ್ತಿದ್ದಳು. ಹೋಗಲ್ಲವಂತೆ ಎಂದೆ. ನನಗೆ ಕುಣಿಯಬೇಕೆನಿಸಿತು. ಆದರೆ ಚಿಕ್ಕಪ್ಪನ ಮುಖ ನೋಡಿ ಕುಣಿಯಲಾಗಲಿಲ್ಲ.

ಅವರು ಎದ್ದು ಬಂದು ಒಲೆಯ ಪಕ್ಕ ನಿಂತರು. ಸೀದ ದೋಸೆಯನ್ನು ಕಾವಲಿಯಿಂದ ಎಬ್ಬಿಸಿ ತಟ್ಟೆಗೆ ಹಾಕಿದರು. ಆಮೇಲೆ ಸಣ್ಣ ದನಿಯಲ್ಲಿ, “ಮೊದಲನೆಯ ಸಲವೇ ಕೇಳಿದ್ದರೆ? ಆಗಲೇ ಕೇಳಿದ್ದರೆ ಏನು ಹೇಳುತ್ತಿದ್ದೆ?” ಎಂದರು. ಉತ್ತರಕ್ಕೆ ಎಷ್ಟು ಹೆದರಿದ್ದರು ಎಂದರೆ, ಜೇಬಿನ ಸೋಂಪು ಕೂಡ ಅವರಿಗೆ ನೆನಪಾಗಲಿಲ್ಲ.

“ಬರ್ತೀನಿ ಅಂತಿದ್ದೆ ಕಣ್ರೀ” ಎಂದಳು ಚಿಕ್ಕಮ್ಮ. “ಹತ್ತೂ ಊರಿಗೂ ಬರ್ತೀನಿ ಅಂತಲೇ ಅಂತಿದ್ದೆ. ಒಂದು ಸಲ ಕೇಳ್ಬೇಕಿತ್ತು, ಅಷ್ಟೇ.”

ಅವರಿಗೆ ಎಷ್ಟು ಮಾತು ತಿಳಿಯಿತೋ ಕಾಣೆ. ನಾನು ಇಂಗ್ಲಿಷಿನಲ್ಲಿ ಹೇಳಲು ಬಾಯಿ ತೆರೆದೆ, ಅಮ್ಮ ನನ್ನ ಕೈ ಒತ್ತಿ ತಡೆದಳು. ಚಿಕ್ಕಪ್ಪ ಟೋಪಿ ತೆಗೆದು ಮುಖಕ್ಕೆ ಒತ್ತಿಕೊಂಡರು. ಟೋಪಿಯಿಲ್ಲದ ಅವರ ತಲೆಯನ್ನು ನಾನು ಕಂಡದ್ದು ಅದೇ ಮೊದಲು; ಒಂದು ಕೂದಲೂ ಇರಲಿಲ್ಲ. ಚಿಕ್ಕಮ್ಮ ಹಿಟ್ಟಿನ ಕೈಯನ್ನು ಒರೆಸಿಕೊಂಡು, ತುದಿಗಾಲಲ್ಲಿ ನಿಂತು, ಆ ಬೋಳು ತಲೆಯ ಮೇಲೆ ಇಟ್ಟಳು.