ಅಜ್ಜ ಹಾಕಲು ಮರೆತ ಗೇಟು

ಆ ಭಾನುವಾರ ನಮ್ಮ ಹಿತ್ತಿಲಿನಲ್ಲಿ ಕೆಂಡದ ಮೇಲೆ ಮಾಂಸ ಬೇಯುತ್ತಿದ್ದಾಗ, ಕೈಯಲ್ಲಿದ್ದ ಇಕ್ಕಳವನ್ನು ರಾಜದಂಡದಂತೆ ಎತ್ತಿ ಹಿಡಿದು ನಾನು ಘೋಷಿಸಿದೆ: ಟಾರ್ಮಿ ವಂಶದಲ್ಲಿ ಐರ್ಲೆಂಡಿಗೆ ಮರಳಿ ಕಾಲಿಡುವ ಮೊದಲ ಕುಡಿ ನಾನೇ. ವೆಸ್ಟ್‌ಮೀತ್ ಕೌಂಟಿಯ ಒಂದೊಂದು ಚರ್ಚನ್ನೂ ಜಾಲಾಡುತ್ತೇನೆ. ಅಜ್ಜ ಹುಟ್ಟಿದ ಮನೆಯನ್ನು ಪತ್ತೆ ಮಾಡುತ್ತೇನೆ. ಅದರ ಮುಂದೆ ಎದೆಯುಬ್ಬಿಸಿ ನಿಂತು ತೆಗೆಸಿಕೊಂಡ ಫೋಟೊವನ್ನು ನಮ್ಮೂರ ಕ್ಲಬ್ಬಿನ ಗೋಡೆಗೆ ತೂಗುಹಾಕುತ್ತೇನೆ.

"ಮೊದಲು ಆ ಮಾಂಸ ತಿರುಗಿಸು ರೊಡಾಲ್ಫೊ, ವಂಶದ ಜೊತೆ ಅದೂ ಸೀದು ಹೋಗ್ತಿದೆ," ಎಂದಳು ನನ್ನ ಹೆಂಡತಿ ಎಲ್ವಿರಾ.

ಅದು ತೊಂಬತ್ತೆರಡನೇ ಇಸವಿ. ನಮ್ಮ ಪೆಸೊ ಡಾಲರಿನ ಹೆಗಲಿಗೆ ಹೆಗಲು ಕೊಟ್ಟು ನಿಂತು, ವಿದೇಶ ಪ್ರಯಾಣ ನಮ್ಮಂಥವರ ಕೈಗೂ ಎಟುಕುತ್ತಿದ್ದ ಕಾಲ. ಅರ್ಜೆಂಟೀನದ ಈ ಬಯಲು ನಾಡಿನಲ್ಲಿ ಯಾರ ಅಜ್ಜನನ್ನು ಕೆದಕಿದರೂ ಅವನು ಎಲ್ಲಿಂದಲೋ ಹಡಗು ಹತ್ತಿ ಬಂದವನೇ. ಎಲ್ವಿರಾಳ ಅಜ್ಜ ಇಟಲಿಯಿಂದ ಬಂದ. ನನ್ನಜ್ಜ ಐರ್ಲೆಂಡಿನಿಂದ ಕುರಿ ಕಾಯಲು ಬಂದ. ಅವನ ಗೋರಿಯ ಕಲ್ಲಿನಲ್ಲಿ ವೆಸ್ಟ್‌ಮೀತ್‌ನಲ್ಲಿ ಹುಟ್ಟಿದವನು ಎಂದಷ್ಟೇ ಕೆತ್ತಿದೆ. ಯಾವ ಹಳ್ಳಿ, ಯಾವ ಓಣಿ ಎಂಬುದು ಇಡೀ ಭೂಮಂಡಲದಲ್ಲಿ ಒಬ್ಬರಿಗೆ ಮಾತ್ರ ಗೊತ್ತಿತ್ತು: ಅವನ ಮಗಳು, ನನ್ನ ಸೋದರತ್ತೆ ಡೆಲಿಯಾ.

ಡೆಲಿಯಾ ಅತ್ತೆಗೆ ಎಪ್ಪತ್ತು ದಾಟಿದೆ. ಮದುವೆಯಾಗಲಿಲ್ಲ. ಊರಂಚಿನ ಮನೆಯಲ್ಲಿ ಒಂದು ಹಸು, ಒಂದು ಕರುವಿನ ಜೊತೆ ಇದ್ದಾರೆ. ಊರಿಗೆ ಊರೇ ಮಾಟೆ ಎಂಬ ಕಹಿ ಸೊಪ್ಪಿನ ಕಷಾಯ ಹೀರುತ್ತಿದ್ದರೆ ಅವರು ಹಾಲು ಹಾಕಿದ ಚಹಾ ಕುಡಿಯುತ್ತಾರೆ. ಊರಿಗೆ ಊರೇ ಮಧ್ಯಾಹ್ನ ಮಲಗಿದರೆ ಅವರು ಜಗಲಿಯಲ್ಲಿ ಎದ್ದು ಕೂತಿರುತ್ತಾರೆ. ಐರ್ಲೆಂಡನ್ನು ಕಣ್ಣಿನಿಂದ ಕಂಡವರಲ್ಲ, ಆದರೆ ಅವರ ಇಂಗ್ಲಿಷ್ ಮಾತ್ರ ಈಗಷ್ಟೇ ಆ ಕಡೆಯ ಮಳೆಯಲ್ಲಿ ನೆನೆದು ಬಂದಂತಿದೆ.

ನಾನು ನಕಾಶೆ ಹಿಡಿದು ಅವರ ಜಗಲಿಗೆ ಹೋದೆ.

"ಅತ್ತೆ, ಅಜ್ಜನ ಹಳ್ಳಿ ಹೆಸರು ಹೇಳಿಬಿಡಿ."

"ಅಲ್ಲಿಗೆ ಹೋದ್ಮೇಲೆ ಹೇಳ್ತೀನಿ."

"ಅಲ್ಲಿಗೆ ಹೋಗೋದಕ್ಕೇ ಹೆಸರು ಬೇಕಲ್ಲ ಅತ್ತೆ."

"ಅದಕ್ಕೇ ನಾನೂ ಬರ್ತೀನಿ ಅಂತಿರೋದು."

ಆಮೇಲೆ ಚಹಾದ ಬಟ್ಟಲನ್ನು ಮಡಿಲಲ್ಲಿಟ್ಟುಕೊಂಡು ಅವರು ಒಂದು ಸಂಗತಿ ಹೇಳಿದರು. ಅಜ್ಜ ಮನೆ ಬಿಟ್ಟದ್ದು ನಸುಕಿನಲ್ಲಂತೆ. ಎಲ್ಲರನ್ನೂ ತಬ್ಬಿ, ಅತ್ತು, ಹೊಲದ ಗೇಟು ದಾಟಿ ಬಂದ. ಹಡಗು ಹತ್ತಿದ ಮೇಲೆ ಅನುಮಾನ ಬಂತು: ಗೇಟಿನ ಕೊಂಡಿ ಹಾಕಿದೆನೋ ಇಲ್ಲವೋ? ಹೊಲದಲ್ಲಿ ಕರುವಿತ್ತು. ಇಲ್ಲಿ ಕಣ್ಣು ಹಾಯುವಷ್ಟು ದೂರ ಕುರಿ ಮೇಯಿಸಿದ ಮನುಷ್ಯ, ಸಾಯುವ ತನಕ ಅಲ್ಲಿಯ ಆ ಒಂದು ಕರುವಿನ ಚಿಂತೆ ಬಿಡಲಿಲ್ಲ.

"ನಾನು ಹೋಗಿ ಆ ಗೇಟು ಹಾಕಿ ಬರ್ಬೇಕು ಕಣೋ," ಎಂದರು ಅತ್ತೆ. "ಬೇರೆ ಏನೂ ಆಸೆಯಿಲ್ಲ."

ನಾನು ನಕಾಶೆಯನ್ನು ಮೆಲ್ಲಗೆ ಮಡಿಚಿದೆ. ಆದರೆ ಯೋಜನೆ ಯೋಜನೆಯೇ.

"ಅತ್ತೆ, ನಿಮ್ಮ ಮಂಡಿ ನೋಡಿ. ಅಲ್ಲಿ ಚಳಿ, ಕೆಸರು. ಸಂಶೋಧನೆ ಅಂದ್ರೆ ಹುಡುಗಾಟ ಅಲ್ಲ. ನಿಮ್ಮ ಪರವಾಗಿ ನಾನೇ ಹಾಕಿ ಬರ್ತೀನಿ."

ಅತ್ತೆ ತಣ್ಣಗಾದ ಚಹಾವನ್ನು ಕರುವಿನ ಬಕೆಟ್ಟಿಗೆ ಸುರಿದು ಒಳಗೆ ಹೋದರು.

ಮನೆಗೆ ಬಂದರೆ ಎಲ್ವಿರಾ ಕಾದಿದ್ದಳು. "ಕರ್ಕೊಂಡು ಹೋದ್ರೆ ಏನಾಗತ್ತೆ ನಿಂಗೆ?"

"ಅವರನ್ನ ನೋಡ್ಕೊಳ್ಳೋರು ಯಾರು?"

"ನಿನ್ನ ನೋಡ್ಕೊಳ್ಳೋರು ಯಾರು ಅಂತ ನಾನು ಯೋಚಿಸ್ತಿದ್ದೆ."

ಮಾತು ನನಗೆ ತಾಗಲಿಲ್ಲ. ಏಕೆಂದರೆ ನಾನು ಸಾಮಾನ್ಯ ಪ್ರವಾಸಿಯಲ್ಲ. ನಮ್ಮೂರ ಪುರಸಭೆಯಲ್ಲಿ ವಾಹನ ಚಾಲಕರನ್ನು ಪರೀಕ್ಷಿಸಿ ಲೈಸೆನ್ಸ್ ಕೊಡುವ ಅಧಿಕಾರಿ. ಊರಿನ ಅರ್ಧ ಜನ ನನ್ನ ಸಹಿಯ ಬಲದಿಂದ ರಸ್ತೆಯಲ್ಲಿದ್ದಾರೆ, ಉಳಿದರ್ಧ ನನ್ನ ದೆಸೆಯಿಂದ ನಡೆದು ಓಡಾಡುತ್ತಿದ್ದಾರೆ. ವೆಸ್ಟ್‌ಮೀತ್‌ನ ಓಣಿಗಳಿಗೆ ಬಸ್ಸು ಹೋಗದು, ಕಾರು ಬಾಡಿಗೆಗೆ ಹಿಡಿಯಬೇಕು. ಅಲ್ಲಿ ನಮ್ಮಲ್ಲಿಯ ಹಾಗೆ ಬಲಬದಿಯಲ್ಲಲ್ಲ, ರಸ್ತೆಯ ಎಡಬದಿಯಲ್ಲಿ ಓಡಿಸಬೇಕು, ಗೇರನ್ನು ಎಡಗೈಯಲ್ಲಿ ಹಾಕಬೇಕು. ಹಾಕಿದರಾಯಿತು!

ತಾಲೀಮು ಊಟದ ಮೇಜಿನಲ್ಲೇ ಶುರುವಾಯಿತು. ತಟ್ಟೆ ನನ್ನ ಸ್ಟೀರಿಂಗು. ಎಡಕ್ಕೆ ಸೂಪಿನ ಪಾತ್ರೆ, ಅದರಲ್ಲಿ ನಿಂತ ಸೌಟು ಗೇರು. ಒಂದನೇ ಗೇರು ಸಲೀಸಾಗಿ ಬಿತ್ತು. ಎರಡನೆಯದೂ ಬಿತ್ತು. ಮೂರಕ್ಕೆ ಹೋಗುವಾಗ ಕುಂಬಳದ ಸೂಪು ಮೇಜಿನ ಬಟ್ಟೆಯಿಂದ ಹೊರಟು ಎಲ್ವಿರಾಳ ತೊಡೆಗೆ ಆಗಮಿಸಿತು.

"ಯಾವ ಊರು ಬಂತು?" ಎಂದು ಕೇಳಿದಳು ಅವಳು, ಒರೆಸಿಕೊಳ್ಳುತ್ತ.

ಮಾರನೆಯ ದಿನ ತಾಲೀಮು ರಸ್ತೆಗೆ ಇಳಿಯಿತು. ಊಟದ ನಂತರ ನಮ್ಮೂರು ಸತ್ತಂತೆ ಮಲಗುತ್ತದೆ. ಅಂಗಡಿಗಳ ಬಾಗಿಲು ಹಾಕಿರುತ್ತದೆ, ನಾಯಿಗಳೂ ನೆರಳು ಬಿಟ್ಟು ಕದಲುವುದಿಲ್ಲ. ಆ ಹೊತ್ತಿಗೆ ನನ್ನ ಕಾರು ಊರಾಚೆಯ ಮಣ್ಣು ರಸ್ತೆಯ ಎಡಬದಿಯಲ್ಲಿ ಮಹಾರಾಜನ ಸವಾರಿಯಂತೆ ಹೊರಟಿತು. ನೀಲಗಿರಿ ಮರಗಳ ಸಾಲು, ಬಿಸಿಲು, ಯಾರೂ ಇಲ್ಲದ ದಾರಿ. ವೆಸ್ಟ್‌ಮೀತ್ ಎಷ್ಟು ಹತ್ತಿರ ಅನ್ನಿಸಿತು.

ತಿರುವಿನಲ್ಲಿ ಎದುರಿಗೆ ಪೊಲೀಸ್ ಲೆಡೆಸ್ಮಾ ಸೈಕಲ್ ತುಳಿಯುತ್ತ ಬಂದ. ಪಾಪ, ಲೈಸೆನ್ಸ್ ಪರೀಕ್ಷೆಯಲ್ಲಿ ನಾನು ಪದೇಪದೇ ಫೇಲು ಮಾಡಿದ್ದರಿಂದಲೇ ಅವನ ಗಸ್ತು ಸೈಕಲ್ಲಿನಲ್ಲಿ. ಅವನು ಕಾನೂನಿನಂತೆ ತನ್ನ ಬಲಕ್ಕೆ ಇದ್ದ. ಅಂದರೆ ನನ್ನ ಎದುರಿಗೇ ಇದ್ದ. ಅವನು ಹೆದರಿ ಆ ಕಡೆಗೆ ಸರಿದ. ಅಭ್ಯಾಸಬಲದಿಂದ ನಾನೂ ಅದೇ ಕಡೆಗೆ ಸರಿದೆ. ಅವನು ಈ ಕಡೆಗೆ ಬಂದ, ನಾನೂ ಬಂದೆ. ಮದುವೆ ಮನೆಯ ಜೋಡಿ ಕುಣಿತದಂತೆ ಇಷ್ಟು ನಡೆದ ಮೇಲೆ ನಾನು ಅವನ ಪ್ರಾಣ ಉಳಿಸುವ ಉದಾತ್ತ ನಿರ್ಧಾರ ತೆಗೆದುಕೊಂಡು, ರಸ್ತೆ ಬಿಟ್ಟು, ಪಕ್ಕದಲ್ಲಿದ್ದ ಮರದ ಗೇಟನ್ನು ಮುರಿದು ಒಳಗೆ ಹೋಗಿ ನಿಂತೆ.

ಅದು ಡೆಲಿಯಾ ಅತ್ತೆಯ ಗೇಟು.

ಧೂಳು ಇಳಿಯಿತು. ಅತ್ತೆಯ ಕರು ಕಾರಿನ ಪಕ್ಕಕ್ಕೆ ಬಂದು, ಕಿಟಕಿಯೊಳಗೆ ಇಣುಕಿ ನನ್ನನ್ನು ಒಮ್ಮೆ ನೋಡಿ, ಮುರಿದ ಗೇಟಿನಿಂದ ಹೊರಗೆ ಓಡಿತು.

ಅತ್ತೆ ಜಗಲಿಯಿಂದ ಇಳಿದು ಬಂದರು. ಬೈಯಲಿಲ್ಲ, ಗೇಟಿನ ಕಡೆ ನೋಡಲೂ ಇಲ್ಲ. ಕಾರಿನ ಬಾಗಿಲು ತೆಗೆದು, "ಆ ಕಡೆ ಸರಿ," ಎಂದರು.

"ಅತ್ತೆ, ನಿಮಗೆ ಓಡಿಸೋಕೆ..."

"ಸರಿಯೋ, ಕರು ಹೋಯ್ತು."

ಸರಿದೆ. ಅತ್ತೆ ಕೂತರು, ಸ್ಟೀರಿಂಗ್ ಮುಟ್ಟಿ ನೋಡಿ, "ಥೂ, ಇದನ್ನ ತಪ್ಪು ಕಡೆ ಇಟ್ಟಿದ್ದಾರೆ," ಎಂದು ಗೊಣಗಿ, ಕಾರನ್ನು ಒಂದೇ ಸಲಕ್ಕೆ ಹಿಂದಕ್ಕೆ ತೆಗೆದು ರಸ್ತೆಗೆ ಇಳಿಸಿದರು. ಎಡಬದಿಗೆ. ಮತ್ತೆ ಅಲ್ಲಿಂದ ಒಂದು ಗೇಣೂ ಆಚೀಚೆ ಆಗಲಿಲ್ಲ. ತಿರುವುಗಳಲ್ಲಿ ಕಾರು ಹೊಳೆಯ ನೀರಿನಂತೆ ಬಳುಕಿತು. ನಾನು ಬಾಯಿ ತೆರೆದು ಕೂತಿದ್ದೆ.

"ಯಾವಾಗ ಕಲಿತ್ರಿ ಅತ್ತೆ?"

"ನೀನು ಹುಟ್ಟೋಕ್ಕೆ ಮುಂಚೆ. ಅಪ್ಪನ ಟ್ರಕ್ಕಲ್ಲಿ ಉಣ್ಣೆ ಹೇರ್ಕೊಂಡು ರೈಲ್ವೆ ಸ್ಟೇಷನ್ನಿಗೆ ನಾನೇ ಹೋಗ್ತಿದ್ದೆ. ಆವಾಗ ಈ ದೇಶದಲ್ಲಿ ಎಲ್ಲರೂ ಎಡಗಡೆ ತಾನೇ ಓಡಿಸ್ತಿದ್ದಿದ್ದು."

ನನಗೆ ನೆನಪಾಯಿತು. ನಲವತ್ತೈದರಲ್ಲಿ ಸರ್ಕಾರ ಎಲ್ಲರನ್ನೂ ಬಲಬದಿಗೆ ತಿರುಗಿಸಿದ್ದನ್ನು ನಾನೇ ಪರೀಕ್ಷೆಯಲ್ಲಿ ಪ್ರಶ್ನೆಯಾಗಿ ಕೇಳುತ್ತೇನೆ.

"ರೇಡಿಯೋದಲ್ಲಿ ನಾಳೆಯಿಂದ ಬಲಗಡೆ ಅಂದ್ರು," ಎಂದರು ಅತ್ತೆ. "ಹಾಗಾದ್ರೆ ನೀವೇ ಓಡಿಸ್ಕೊಳ್ಳಿ ಅಂತ ಕೀಲೀನ ಮೊಳೆಗೆ ತಗಲಿಹಾಕ್ದೆ. ಇಳಿ, ಗೇಟು ತೆಗಿ."

ನಮ್ಮ ಬಯಲಿನಲ್ಲಿ ಹೊಲದಿಂದ ಹೊಲಕ್ಕೆ ಗೇಟುಗಳು. ಓಡಿಸುವವರು ಇಳಿಯುವ ಪದ್ಧತಿಯಿಲ್ಲ. ಪಕ್ಕದಲ್ಲಿ ಕೂತವನು ಇಳಿದು ತೆಗೆದು, ಕಾರು ದಾಟಿದ ಮೇಲೆ ಹಾಕಿ, ಓಡಿ ಬಂದು ಹತ್ತಬೇಕು. ಚಡ್ಡಿ ಹಾಕುವ ಹುಡುಗರ ಕೆಲಸ ಅದು. ಪುರಸಭೆಯ ಪರೀಕ್ಷಾಧಿಕಾರಿ ಅಂದು ಎಷ್ಟು ಸಲ ಇಳಿದು ಹತ್ತಿದರೆಂಬುದನ್ನು ಊರು ಲೆಕ್ಕ ಹಾಕಿತು, ಏಕೆಂದರೆ ಅಷ್ಟರಲ್ಲಿ ಊರು ಎದ್ದಿತ್ತು. ರೈಲ್ವೆ ಸ್ಟೇಷನ್ನಿನ ಹಿಂದೆ ಹುಲ್ಲು ಮೇಯುತ್ತಿದ್ದ ಕರುವನ್ನು ಹಿಡಿದಾಗ ಅರ್ಧ ಊರು ಮಲಗುವ ಬಟ್ಟೆಯಲ್ಲೇ ಸೇರಿತ್ತು, ಎಲ್ವಿರಾಳೂ ಇದ್ದಳು.

ಲೆಡೆಸ್ಮಾ ಸೈಕಲ್ ಒರಗಿಸಿ ಬಂದ. ಮುಖದಲ್ಲಿ ಜನ್ಮ ಸಾರ್ಥಕವಾದ ಕಳೆ. "ಸಾಹೇಬ್ರೆ, ಎಡಗಡೆ ಓಡಿಸಿದ್ದಕ್ಕೆ ಯಾರ ಹೆಸರು ಬರೀಲಿ?"

"ಇಬ್ಬರದೂ ಬರ್ಕೊಳಪ್ಪ," ಎಂದಳು ಎಲ್ವಿರಾ. "ಸರಿಯಾಗಿ ಓಡಿಸಿದ್ದು ಅತ್ತೆ ಅಂತಾನೂ ಬರ್ಕೋ."

ಅಲ್ಲಿಂದ ಮುಂದೆ ನನ್ನ ಯೋಜನೆ ನನ್ನನ್ನು ಬಿಟ್ಟು ತಾನೇ ನಡೆಯಿತು. ಐರ್ಲೆಂಡಿನಲ್ಲಿ ಓಡಿಸುವವರು ಅತ್ತೆಯೇ ಎಂದಾಯಿತು; ಅಲ್ಲಿ ಕಾರು ಸಿಗಬೇಕಾದರೆ ಅವರಿಗೆ ಲೈಸೆನ್ಸ್ ಬೇಕು. ಲೈಸೆನ್ಸಿಗೆ ಪರೀಕ್ಷೆ ಬೇಕು. ಪರೀಕ್ಷಾಧಿಕಾರಿ ನಾನು. ಒಳ್ಳೆಯ ಲಂಗ ಉಟ್ಟು ಅತ್ತೆ ಪುರಸಭೆಗೆ ಬಂದರು. ಕಾರು ಹತ್ತಿ, ಶಿಲುಬೆಯ ಗುರುತು ಮಾಡಿಕೊಂಡು, "ಅಪ್ಪನ ಗೇಟಿಗೋಸ್ಕರ ಸ್ವಲ್ಪ ಹೊತ್ತು ಬಲಗಡೆ ಸಹಿಸ್ಕೋತೀನಿ," ಎಂದರು. ಅರ್ಧ ಶತಮಾನದ ಹಟವನ್ನು ಹೀಗೆ ಒಂದು ಸುತ್ತಿಗೆ ಮುರಿದು, ಚರ್ಚಿನ ಮುಂದೆ ಕಾರು ನಿಲ್ಲಿಸಿ, ಹಣೆಯ ಬೆವರು ಒರೆಸಿಕೊಂಡು ಕೇಳಿದರು: "ಪಾಸೇನೋ?" ಸಹಿ ಹಾಕಿದೆ. ಕಣ್ಣು ಮಂಜಾಗಿದ್ದಕ್ಕೆ ಧೂಳು ಕಾರಣ.

ಈಗ ಕೂರುವ ಕ್ರಮ ನಿರ್ಧಾರವಾಗಿದೆ. ಸ್ಟೀರಿಂಗಿಗೆ ಅತ್ತೆ. ಪಕ್ಕದಲ್ಲಿ ನಕಾಶೆ ಹಿಡಿದು ಎಲ್ವಿರಾ. ಸಂಶೋಧಕರು ಹಿಂದೆ, ಸೂಟ್‌ಕೇಸುಗಳ ಜೊತೆ. ಗೇಟು ಬಂದಾಗ ಇಳಿಯುವವರೂ ಅವರೇ. ಹಳ್ಳಿಯ ಹೆಸರು ನನಗಿನ್ನೂ ಗೊತ್ತಿಲ್ಲ, ಎಲ್ವಿರಾಳಿಗೆ ಗೊತ್ತು.

ತಾಲೀಮು ಮುಂದುವರಿದಿದೆ. ದಿನಾ ಮಧ್ಯಾಹ್ನ ಊರು ಮಲಗಿದಾಗ ನಾನು ಅತ್ತೆಯ ಮನೆಗೆ ಹೋಗಿ, ನಾನೇ ರಿಪೇರಿ ಮಾಡಿಸಿದ ಗೇಟನ್ನು ತೆಗೆದು, ಹಾಕಿ, ತೆಗೆದು, ಹಾಕುತ್ತೇನೆ. ಅತ್ತೆ ಜಗಲಿಯಲ್ಲಿ ಚಹಾ ಕುಡಿಯುತ್ತ ನೋಡುತ್ತಾರೆ. ಕರುವೂ ನೋಡುತ್ತದೆ.

ನಿನ್ನೆ ಬೆವರಿಳಿಸಿಕೊಂಡು ಕೇಳಿದೆ: "ಸಾಕಲ್ವಾ ಅತ್ತೆ? ಕೊಂಡಿ ಹಾಕಿದೀನಿ."

"ಹೋಗಿ ಇನ್ನೊಂದ್ಸಲ ನೋಡು," ಎಂದರು ಅತ್ತೆ. "ಹಾಕಿದೀನಿ ಅಂತಾನೇ ನಿಮ್ಮಜ್ಜನೂ ಅಂದ್ಕೊಂಡಿದ್ದ, ಹಡಗು ಹತ್ತೋವರೆಗೆ."